ಐದು ಪಾಯಿಂಟ್ ಎಂಟು ಗಿಗಾಹರ್ಟ್ಸ್

ಪರದೇಶದ ಈ ಬುಕಿತ್ ಪಂಜಾಂಗ್‌ನ ನಮ್ಮ ಮನೆಯಲ್ಲಿ ನನ್ನದು ಎನ್ನಬಹುದಾದ ಜಾಗ ಒಂದೇ. ಹಾಲ್‌ನ ಕಿಟಕಿ ಪಕ್ಕದ ಮೂಲೆ, ಅಲ್ಲೊಂದು ಮೇಜು, ಮೇಜಿನ ಮೇಲೆ ನಾನೇ ಜೋಡಿಸಿದ ಕಂಪ್ಯೂಟರ್. ಅಡುಗೆಮನೆ ಅತ್ತೆ ಗುರುಸಿದ್ದವ್ವನವರದು, ಸೋಫಾ ಮತ್ತು ಟಿವಿ ನನ್ನ ಗಂಡ ಮಹೇಶಕುಮಾರರದು, ಒಳಕೋಣೆ ಪರೀಕ್ಷೆಗೆ ಓದುವ ಮಗಳದು. ಈಗ ಆ ಮೂಲೆಯ ಮೇಲೂ ಮಹೇಶರ ಕಣ್ಣು ಬಿದ್ದಿತ್ತು. ಡಾಕ್ಟರು ದಿನಾ ನಡೆಯಲು ಹೇಳಿದ್ದರಂತೆ, ಅಲ್ಲಿ ಟ್ರೆಡ್‌ಮಿಲ್ ಇಡಬೇಕಂತೆ. ಲಿಫ್ಟ್ ಇಳಿದರೆ ಮೈಲುಗಟ್ಟಲೆ ಪಾರ್ಕ್ ಇದೆ. ಅಲ್ಲಿ ನಡೆಯುವುದಕ್ಕೆ ಇವರಿಗೇನು ಧಾಡಿ?

ಮಾತಿಗೆ ಮಾತು ಬೆಳೆದು ಯುಗಾದಿ ಊಟದ ದಿನ ನಾಲ್ಕು ಜನರ ಎದುರು ನಾನು ಶಪಥ ಮಾಡಿಬಿಟ್ಟೆ. ಒನ್-ನಾರ್ತ್‌ನಲ್ಲಿ ನಡೆಯುವ ಓವರ್‌ಕ್ಲಾಕಿಂಗ್ ಸ್ಪರ್ಧೆಯಲ್ಲಿ ಮೊದಲನೆಯವಳಾಗಿ ಬಂದರೆ ಮೂಲೆ ನನ್ನದು, ಇಲ್ಲದಿದ್ದರೆ ಮೇಜು ಎತ್ತುತ್ತೇನೆ. ಎರಡನೇ ಸ್ಥಾನ ಬಂದರೂ ಎತ್ತುತ್ತೇನೆ ಎಂದು ಬೇರೆ ಸೇರಿಸಿದೆ. ಶ್ರೀದೇವಿಯ ಬಾಯಿಗೆ ಬೀಗ ಇಲ್ಲ ಎಂದು ತವರಿನಲ್ಲೂ ಹೇಳುತ್ತಿದ್ದರು.

ಓವರ್‌ಕ್ಲಾಕಿಂಗ್ ಎಂದರೆ ಬೇರೇನಲ್ಲ, ಕಂಪ್ಯೂಟರಿನ ಪ್ರೊಸೆಸರನ್ನು ತಯಾರಿಸಿದವರು ಹೇಳಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು. ವೇಗ ಏರಿದಷ್ಟೂ ಬಿಸಿ ಏರುತ್ತದೆ. ನೂರು ಡಿಗ್ರಿ ಮುಟ್ಟಿದರೆ ಆಟ ಮುಗಿಯಿತು. ಸ್ಪರ್ಧೆಯಲ್ಲಿ ಎಲ್ಲರಿಗೂ ಒಂದೇ ಮಾದರಿಯ ಪ್ರೊಸೆಸರ್, ತಣಿಸಲು ನೀರು ಬಳಸುವಂತಿಲ್ಲ, ಫ್ಯಾನ್ ಮಾತ್ರ. ಹತ್ತು ನಿಮಿಷ ಪೂರ್ತಿ ಭಾರ ಹೊತ್ತು ಓಡಬೇಕು, ಎಲ್ಲರಿಗಿಂತ ಹೆಚ್ಚು ವೇಗದಲ್ಲಿ ಓಡಿಸಿದವರು ಗೆದ್ದಂತೆ. ಮೂರು ಅವಕಾಶ. ನಾನು ಹದಿನೈದು ವರ್ಷದಿಂದ ಜುರಾಂಗ್ ಐಲ್ಯಾಂಡ್‌ನ ಕೆಮಿಕಲ್ ಪ್ಲಾಂಟ್ ಒಂದರಲ್ಲಿ ಹೀಟ್ ಎಕ್ಸ್‌ಚೇಂಜರ್ ನೋಡಿಕೊಳ್ಳುವವಳು. ಬಿಸಿಯನ್ನು ಇಲ್ಲಿಂದ ಅಲ್ಲಿಗೆ ಸಾಗಿಸುವುದೇ ನನ್ನ ಅನ್ನ. ಇದರಲ್ಲಿ ಸೋತರೆ ಯಾವ ಮುಖ ಹೊತ್ತು ಸೋಮವಾರ ಕಂಪನಿ ಬಸ್ ಹತ್ತಲಿ?

ಮನೆಯಲ್ಲಿ ಐದು ಪಾಯಿಂಟ್ ಏಳು ಗಿಗಾಹರ್ಟ್ಸ್ ವೇಗದವರೆಗೆ ಓಡಿಸಿದ್ದೆ. ಐದು ಪಾಯಿಂಟ್ ಎಂಟು ಮಾತ್ರ ಆರು ನಿಮಿಷಕ್ಕೇ ಸುಸ್ತಾಗುತ್ತಿತ್ತು. ಅದಕ್ಕೇ ಹೊಸ ಹೀಟ್‌ಸಿಂಕ್ ತರಿಸಿದ್ದೆ. ಪ್ರೊಸೆಸರಿನ ತಲೆಯ ಮೇಲೆ ಕೂತು ಬಿಸಿ ಹೀರುವ ಲೋಹದ ಗಟ್ಟಿ ಅದು, ತಳ ತಾಮ್ರದ್ದು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸ್ಪರ್ಧೆಯ ದಿನ ಶನಿವಾರ ಬೆಳಿಗ್ಗೆ ಅದನ್ನು ಮೇಜಿನ ಮೇಲೆ ಬೋರಲು ಇಟ್ಟು ಸ್ನಾನಕ್ಕೆ ಹೋದೆ. ಬಂದವಳೇ ಪ್ರೊಸೆಸರಿಗೆ ಬಿಸಿ ದಾಟಿಸುವ ಪೇಸ್ಟ್ ಹಚ್ಚಿ, ಹೀಟ್‌ಸಿಂಕನ್ನು ಗಡಿಬಿಡಿಯಲ್ಲಿ ಸರಿಯಾಗಿ ನೋಡದೆ ಮಗುಚಿ ಕೂರಿಸಿ, ಸ್ಕ್ರೂ ಬಿಗಿದೆ. ಟ್ಯಾಕ್ಸಿ ಕೆಳಗೆ ಬಂದು ನಿಂತಿತ್ತು. ಓಡಿಸಿ ನೋಡುವಷ್ಟು ಪುರುಸೊತ್ತಿರಲಿಲ್ಲ. ಮಹೇಶರ ಜೊತೆ ಅತ್ತೆಯೂ ಹೊಸ ಸೀರೆ ಉಟ್ಟು ಹೊರಟರು.

ಸಭಾಂಗಣದಲ್ಲಿ ಮೊದಲ ಅವಕಾಶಕ್ಕೆ ಸುಲಭದ್ದೇ ಇರಲಿ ಎಂದು ಐದು ಪಾಯಿಂಟ್ ಆರು ಇಟ್ಟೆ. ನಲವತ್ತು ಸೆಕೆಂಡಿಗೆ ನೂರು ಡಿಗ್ರಿ, ಪರದೆ ಕಪ್ಪು. ನನಗೆ ನಂಬಲಾಗಲಿಲ್ಲ. ಐದು ಪಾಯಿಂಟ್ ನಾಲ್ಕಕ್ಕೆ ಇಳಿಸಿದೆ. ಒಂದು ನಿಮಿಷವೂ ಆಗಲಿಲ್ಲ, ಮತ್ತೆ ಕಪ್ಪು. ಉಳಿದಿದ್ದು ಒಂದೇ ಅವಕಾಶ.

ಪಕ್ಕದ ಮೇಜಿನಲ್ಲಿದ್ದವನು ಮೈಸೂರಿನ ಪ್ರತಾಪ್, ಮೂವತ್ತರ ಆಸುಪಾಸು. ಐದು ಪಾಯಿಂಟ್ ಏಳು ಮುಗಿಸಿ ಪಟ್ಟಿಯಲ್ಲಿ ಮೊದಲಿಗನಾಗಿದ್ದ.

"ಆಂಟಿ, ವೋಲ್ಟೇಜ್ ಸ್ವಲ್ಪ ಇನ್‌ಕ್ರೀಸ್ ಮಾಡಿ ನೋಡಿ," ಎಂದ.

"ಇನ್‌ಕ್ರೀಸ್ ಮಾಡಿದ್ರೆ ಇನ್ನೂ ಹೀಟ್ ಆಗುತ್ತೆ ಕಣಪ್ಪಾ," ಎಂದೆ. ಅವನು ಆಂಟಿ ಎಂದದ್ದಕ್ಕೂ ಸೇರಿಸಿ ಸಿಟ್ಟು ಬಂದಿತ್ತು.

ಮಹೇಶರು ಮೆಲ್ಲಗೆ, "ಹೋಗ್ಲಿ ಬಿಡು, ಮುಂದಿನ ವರ್ಷ ಟ್ರೈ ಮಾಡಿದ್ರಾತು," ಎಂದರು. ಆ ದನಿಯಲ್ಲಿ ಟ್ರೆಡ್‌ಮಿಲ್ ಓಡುವ ಸದ್ದು ಕೇಳಿಸಿತು.

"ರೀ, ನೀವು ಒಂದ್ ಐದ್ ಮಿನಿಟ್ ಸುಮ್ನಿರ್ತೀರೇನು?"

ಸುಮ್ಮನೆ ಹೀಟ್‌ಸಿಂಕ್ ಮುಟ್ಟಿದೆ. ತಣ್ಣಗಿತ್ತು. ಕೆಳಗೆ ಪ್ರೊಸೆಸರ್ ಕಾದ ಹಂಚಾಗಿದ್ದರೆ ಮೇಲಿನದು ತಣ್ಣಗೆ ಹೇಗಿರುತ್ತದೆ? ಪ್ಲಾಂಟಿನಲ್ಲಿ ಹೀಗಾದರೆ ನಾವು ಎರಡನೇ ಯೋಚನೆ ಮಾಡುವುದಿಲ್ಲ. ನಡುವೆ ಎಲ್ಲೋ ಮಡ್ಡಿ ಕಟ್ಟಿದೆ, ಬಿಸಿ ದಾಟುತ್ತಿಲ್ಲ, ಬಿಚ್ಚು ಎನ್ನುತ್ತೇವೆ. ಬಿಚ್ಚಿದೆ.

ತಾಮ್ರದ ತಳದಲ್ಲಿ, ಪೇಸ್ಟಿನ ನಡುವೆ, ದಪ್ಪಗೆ ಒಣಗಿದ ಮೂರು ಬಿಳಿ ಪಟ್ಟೆಗಳು. ವಿಭೂತಿ.

ತಿರುಗಿ ನೋಡಿದೆ. ಅತ್ತೆ ಕುರ್ಚಿಯಿಂದ ಎದ್ದು ಬಂದಿದ್ದರು.

"ನಾನ ಹಚ್ಚೀನವ್ವಾ. ನೀ ಜಳಕಕ್ಕ ಹೋಗಿದ್ದಿ. ಹೊಸಾ ಸಾಮಾನು, ಹಂಗ ಹೆಂಗ ಸುರು ಮಾಡೂದು? ವಿಭೂತಿ ಗಟ್ಟಿ ನೆನಸಿ ಚಂದಂಗೆ ಮೂರು ಬಟ್ಟು ಎಳದೆ. ಕೆಟ್ಟೋತೇನು?"

ಸಿಟ್ಟು ನೆತ್ತಿಗೇರಿತು, ಸುಳ್ಳೇಕೆ ಹೇಳಲಿ. ಆದರೆ ಎಪ್ಪತ್ತಾರರ ಮುದುಕಿ ಸೀರೆಯ ಸೆರಗು ಹಿಂಡುತ್ತಾ ನಿಂತಿದ್ದರು. ಮನೆಯಲ್ಲಿ ಒಬ್ಬರಾದರೂ ನಾನು ಗೆಲ್ಲಲಿ ಎಂದು ಬಯಸಿದ್ದರು, ಬಯಸಿದ್ದು ಸ್ವಲ್ಪ ದಪ್ಪಗಾಗಿತ್ತು, ಅಷ್ಟೇ. ಸಿಟ್ಟು ಹೋಗಿ ನಗು ಬಂತು.

"ಕೆಟ್ಟಿಲ್ರೀ ಅತ್ತಿ. ಆದ್ರ ಇದನ್ನ ಒರಸಬೇಕಾಗ್ತದ."

"ಒರಸು ಮತ್ತ! ಶಿವಾ ಏನೂ ಅನ್ನಂಗಿಲ್ಲ. ಲಗೂ ಮಾಡು."

ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ತಳ ಉಜ್ಜಿದೆ. ತಾಮ್ರ ಮತ್ತೆ ಹೊಳೆಯಿತು. ಹೊಸದಾಗಿ ಪೇಸ್ಟ್ ಹಚ್ಚಿ ಕೂರಿಸಿದೆ. ಈಗ ವೇಗ ಎಷ್ಟಿಡುವುದು? ಐದು ಪಾಯಿಂಟ್ ಏಳು ಇಟ್ಟರೆ ಪ್ರತಾಪನ ಸಮ, ಅವನು ಮೊದಲು ಮುಗಿಸಿದ್ದರಿಂದ ನನಗೆ ಎರಡನೇ ಸ್ಥಾನ. ಎರಡಕ್ಕೂ ಮೇಜು ಹೋಗುತ್ತದೆ, ನನ್ನದೇ ನಾಲಿಗೆ ಹೇಳಿದ ಮಾತು. ಐದು ಪಾಯಿಂಟ್ ಎಂಟು ಇಟ್ಟೆ. ವೋಲ್ಟೇಜನ್ನು ಏರಿಸಲಿಲ್ಲ, ಒಂದು ಕೂದಲೆಳೆಯಷ್ಟು ಇಳಿಸಿದೆ. ಇಳಿಸಿದರೆ ಬಿಸಿ ಕಡಿಮೆ, ಆದರೆ ತೀರಾ ಇಳಿದರೆ ಯಂತ್ರ ನಡುವೆಯೇ ಮುಗ್ಗರಿಸುತ್ತದೆ. ಮೂರು ತಿಂಗಳಿಂದ ನಾನು ಹುಡುಕುತ್ತಿದ್ದುದು ಆ ಗೆರೆಯನ್ನೇ.

ಒಂದು ನಿಮಿಷ, ಎಂಬತ್ತೆಂಟು ಡಿಗ್ರಿ. ಮೂರು ನಿಮಿಷ, ತೊಂಬತ್ತೆರಡು. ಆರನೇ ನಿಮಿಷ, ಮನೆಯಲ್ಲಿ ಪ್ರತಿಸಲ ನಿಂತುಹೋಗುತ್ತಿದ್ದ ಜಾಗ. ತೊಂಬತ್ತೈದು. ದಾಟಿತು! ಮಹೇಶರು ಯಾವಾಗಲೋ ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಎಂಟು ನಿಮಿಷ, ತೊಂಬತ್ತಾರು. ಅಕ್ಕಪಕ್ಕದ ಮೇಜಿನವರೂ ಬಂದು ಸುತ್ತುಗಟ್ಟಿದರು. ಒಂಬತ್ತು, ತೊಂಬತ್ತಾರೇ. ಬಿಸಿ ಏರುವುದನ್ನು ನಿಲ್ಲಿಸಿತ್ತು. ಆಗಲೇ ನನಗೆ ಗೊತ್ತಾಯಿತು, ಇನ್ನು ಇದನ್ನು ಯಾರೂ ನನ್ನಿಂದ ಕಿತ್ತುಕೊಳ್ಳಲಾರರು.

ಪರದೆ ಹಸಿರಾದಾಗ ನಾನು ಕೂಗಿದ್ದು ನನ್ನೂರು ಬಾಗಲಕೋಟೆಯ ಕನ್ನಡದಲ್ಲಿ. "ಹೊಡದೆ ನೋಡ್ರಿ!" ಒಂದಕ್ಷರ ತಿಳಿಯದ ಜನರೂ ಚಪ್ಪಾಳೆ ಹೊಡೆದರು. ಅತ್ತೆ ನನ್ನ ಕೆನ್ನೆ ನೀವಿ ನೆಟಿಗೆ ಮುರಿದರು. ಪ್ರತಾಪ್ ಕೈ ಕುಲುಕಿ, "ಸೂಪರ್ ಮೇಡಂ. ವೋಲ್ಟೇಜ್ ಎಷ್ಟಿಟ್ರಿ?" ಎಂದ. ಹೇಳಿಕೊಟ್ಟೆ. ಗೆದ್ದವರಿಗೆ ಉದಾರಿಯಾಗುವುದು ಬಹಳ ಸುಲಭ, ಅದು ನನಗೆ ಅವತ್ತು ತಿಳಿಯಿತು.

ಮನೆಗೆ ಬಂದವಳೇ ಕಂಪ್ಯೂಟರನ್ನು ಮೂಲೆಯಲ್ಲಿಟ್ಟೆ. ಮೇಜು ಗೋಡೆಗೆ ಒತ್ತಿಕೊಂಡು ಇಕ್ಕಟ್ಟಾಗಿ ಕಂಡಿತು. ಎರಡೂ ಕೈಯಲ್ಲಿ ಹಿಡಿದು ಹಾಲ್‌ನೊಳಕ್ಕೆ ಎರಡು ಅಡಿ ಎಳೆದೆ. ಈಗ ಸೋಫಾ ಅಡ್ಡ ಬಂತು. ಮಹೇಶರ ಮುಖ ನೋಡಿದೆ. ಅವರು ಟಿವಿ ಆಫ್ ಮಾಡಿ, ಎದ್ದು, ಸೋಫಾ ಸರಿಸಿದರು.