ನಮ್ಮ ಮಾತು ತಿಳಿಯದ ಫೋನು ನಮಗೇಕೆ?

ಹೆಡತಲೆ ಊರಿನ ಸಣ್ಣತಾಯಮ್ಮನ ಸೀಮೆಹಸು ಹಗ್ಗ ಬಿಚ್ಚಿಕೊಂಡು ಹೊಲಕ್ಕೆ ನುಗ್ಗಿ, ಹಸಿ ಅಲಸಂದೆ ಬಳ್ಳಿಯನ್ನು ಮನಸಾರೆ ಮೇಯ್ದುಬಿಟ್ಟಿತು. ಹತ್ತು ಗಂಟೆಯ ಹೊತ್ತಿಗೆ ಅದರ ಎಡಪಕ್ಕೆ ತಮಟೆಯ ಹಾಗೆ ಬಿಗಿದುಕೊಂಡಿತು. ಬಾಯಲ್ಲಿ ಜೊಲ್ಲು, ಉಸಿರಿಗೂ ಕಷ್ಟ.

ಹಿಂದಿನ ವಾರ ಯಾವುದೋ ಕಂಪನಿಯವನು ಹಾಲಿನ ಡೈರಿಗೆ ಬಂದು ಒಂದು ನಂಬರ್ ಕೊಟ್ಟಿದ್ದ. "ಓದೋಕೆ ಬರಬೇಕಾಗಿಲ್ಲ. ಬಾಯಲ್ಲಿ ಹೇಳಿದ್ರೆ ಸಾಕು, ಮಿಷನ್ನೇ ಅರ್ಥ ಮಾಡ್ಕೊಂಡು ಡಾಕ್ಟರನ್ನ ಕಳಿಸುತ್ತೆ" ಎಂದಿದ್ದ. ಓದುಬರಹ ತಿಳಿಯದ ಸಣ್ಣತಾಯಮ್ಮ ಅದನ್ನು ನಂಬಿದ್ದಳು. ಈಗ ಅದೇ ನಂಬರಿಗೆ ಫೋನ್ ಮಾಡಿದಳು.

"ನಮಸ್ಕಾರ. ನಿಮ್ಮ ಸಮಸ್ಯೆಯನ್ನು ತಿಳಿಸಿ" ಎಂದಿತು ನಯವಾದ ದನಿ.

"ನಮ್ ಅಸೀಗೆ ಒಟ್ಟೆ ಊದ್ಕಂಡದೆ ಕಣವ್ವಾ, ಬಿರ್ರನೆ ಡಾಕ್ಟ್ರನ್ನ ಕಳ್ಸು!"

"ನೀವು ಹಸಿರು ಗೊಬ್ಬರದ ಬಗ್ಗೆ ಕೇಳಿದ್ದೀರಿ. ಸರಿಯಾಗಿದ್ದರೆ ಹೌದು ಎನ್ನಿ."

"ಗೊಬ್ರ ಅಲ್ಲ, ಅಸ! ಆಲು ಕರಿಯೋ ಅಸ!"

"ನೀವು ಆಲೂಗಡ್ಡೆ ದರ ಕೇಳಿದ್ದೀರಿ."

"ನಿನ್ ಆಲೂಗಡ್ಡೆಗಿಷ್ಟು ಬೆಂಕಿ ಬೀಳ!"

"ಕ್ಷಮಿಸಿ, ಅರ್ಥವಾಗಲಿಲ್ಲ. ಮೊದಲಿನಿಂದ ಹೇಳಿ."

ಸಣ್ಣತಾಯಮ್ಮ ಫೋನನ್ನು ಹಸುವಿಗೆ ಹುಲ್ಲು ಹಾಕುವ ಗೊಂತಿಗೆ ಎಸೆದು ಶ್ವೇತಳ ಮನೆಗೆ ಓಡಿದಳು. ಶ್ವೇತ ಊರಿನ ಪಶು ಸಖಿ, ದನಕರುಗಳ ಆರೈಕೆಯ ತರಬೇತಿ ಪಡೆದವಳು. ಅವಳು ನೇರವಾಗಿ ಪಶು ವೈದ್ಯರಿಗೇ ಫೋನ್ ಮಾಡಿದಳು. ಅವರು ಬರುವವರೆಗೂ ಹಸುವಿನ ಮುಂಗಾಲು ದಿಬ್ಬದ ಮೇಲಿರುವಂತೆ ನಿಲ್ಲಿಸಿ ಹಿಡಿದುಕೊಂಡಳು. ಡಾಕ್ಟರು ಬಂದು ಕೊಳವೆ ಹಾಕಿ ಹೊಟ್ಟೆಯ ಗಾಳಿಯನ್ನು ಹೊರತೆಗೆದರು. "ಇನ್ನೊಂದು ಅರ್ಧ ಗಂಟೆ ತಡ ಆಗಿದ್ರೆ ಕಷ್ಟವಿತ್ತು" ಎಂದರು. ಸಣ್ಣತಾಯಮ್ಮ ನೆಲದ ಮೇಲೆ ಕುಸಿದು ಅತ್ತಳು. ಅಳು ನಿಂತ ಮೇಲೆ ಸಿಟ್ಟು ಬಂತು.

ಶುಕ್ರವಾರ ಡೈರಿಯಲ್ಲಿ ಸಭೆ. ಈ ಸಲ ಒಬ್ಬನಲ್ಲ, ಅಂದು ನಂಬರ್ ಕೊಟ್ಟಿದ್ದವನೂ ಸೇರಿ ಮೂರು ಕಂಪನಿಯವರು ಬಂದಿದ್ದರು. ಮೂವರದೂ ಮಾತು ಕೇಳಿ ಕೆಲಸ ಮಾಡುವ ಫೋನೇ.

"ಒಂದ್ರ ಕಾಟವೇ ಸಾಕಾಗ್ಯದೆ, ಇನ್ನು ಮೂರಾ? ಎದ್ದೋಗ್ರಪ್ಪ!" ಎಂದಳು ಸಣ್ಣತಾಯಮ್ಮ.

"ತಡಿ ದೊಡ್ಡವ್ವಾ" ಎಂದಳು ಶ್ವೇತ. "ಇವ್ರು ಯಾಕೆ ಪೈಪೋಟಿ ಮೇಲೆ ಬಂದವ್ರೆ? ಓದೋಕೆ ಬರದೆ ಬಾಯಲ್ಲೇ ಕೆಲ್ಸ ಮಾಡ್ಕಳೋ ನಿನ್ನಂಥೋರು ಊರೂರಲ್ಲೂ ಅವ್ರೆ. ನಂಜನಗೂಡು, ನರಸೀಪುರದ ಡೈರಿಗಳೆಲ್ಲ ಸೇರಿದ್ರೆ ಇವ್ರಿಗೆ ದೊಡ್ಡ ಯಾಪಾರ. ಅವ್ರಿಗೆ ನಾವು ಬೇಕು. ಅಂದ್ಮೇಲೆ ಆರಿಸೋರು ನಾವು."

"ಎಂಗವ್ವ ಆರ್ಸೋದು? ಎಲ್ರುದೂ ಒಂದೇ ರಾಗ."

"ಇಲ್ಲೇ, ಎಲ್ರ ಮುಂದೆ, ನಿನ್ ಬಾಯಲ್ಲೇ ಮಾತಾಡಿ ನೋಡು."

ಸಣ್ಣತಾಯಮ್ಮ ಮೊದಲ ಕಂಪನಿಯ ಫೋನ್ ಹಿಡಿದಳು. ಮತ್ತೆ ಆಲೂಗಡ್ಡೆಯೇ ಬಂತು. ಕಂಪನಿಯವನು ಮುಜುಗರದಿಂದ, "ಅಮ್ಮ, ಸ್ವಲ್ಪ ಶುದ್ಧವಾಗಿ ಮಾತಾಡಿ" ಎಂದ.

"ನಾ ಉಟ್ಟಾಗಿಂದ ಇಂಗೇ ಮಾತಾಡ್ತಿರೋದು ಕಣಪ್ಪ! ಅಸ ಸಾಯೋ ಒತ್ನಲ್ಲಿ ನಿನ್ ಮಿಷನ್ನಿಗೆ ಇಸ್ಕೂಲ್ ಪಾಠ ಒಪ್ಪಿಸ್ಲಾ? ಕಲೀಬೇಕಾದ್ದು ಅದು, ನಾನಲ್ಲ!"

ಸಭೆಯೆಲ್ಲ ಚಪ್ಪಾಳೆ ಹೊಡೆಯಿತು. ಎರಡನೆಯದಕ್ಕೆ ಮಾತು ತಿಳಿಯಿತು. ಆದರೆ "ಮೊಬೈಲಿಗೆ ಬಂದ ಓಟಿಪಿ ಹೇಳಿ" ಎಂದಿತು. ಶ್ವೇತ ತಕ್ಷಣ ಫೋನ್ ಕಿತ್ತುಕೊಂಡಳು. "ಅಸುಗೆ ಔಸ್ದಿ ಕೇಳಿದ್ರೆ ಓಟಿಪಿ ಯಾಕೆ? ಅದನ್ನ ಯಾರಿಗೂ ಏಳ್ಬಾರ್ದು." ಮೂರನೆಯದು ಒಂದು ಸಲ ತಪ್ಪು ಕೇಳಿಸಿಕೊಂಡಿತು. ಎರಡನೆಯ ಸಲ, "ತಿಳಿಯಲಿಲ್ಲ, ಫೋನನ್ನು ನಮ್ಮ ಸಿಬ್ಬಂದಿಗೆ ಕೊಡುತ್ತೇನೆ" ಎಂದಿತು. ಒಬ್ಬ ಹೆಂಗಸು ಮಾತಾಡಿದಳು: "ಹೇಳಿ ಅಕ್ಕಾ, ಹಸುಗೆ ಏನಾಯ್ತು?"

ಸಣ್ಣತಾಯಮ್ಮನ ಮುಖದ ಬಿಗುವು ಸಡಿಲವಾಯಿತು. "ಇದು ಪರ್ವಾಗಿಲ್ಲ. ಆದ್ರೂ ಡಾಕ್ಟ್ರ ನಂಬ್ರೂ ನಮ್ ತಾವ ಇರ್ಲಿ."

ಡೈರಿಯ ಕಾರ್ಯದರ್ಶಿ ಕಾಂತರಾಜು ಮೂರು ತಿಂಗಳು ನೋಡೋಣ, ಒಗ್ಗದಿದ್ದರೆ ಬಿಡೋಣ ಎಂದು ಮೂರನೆಯ ಕಂಪನಿಯವರಿಂದ ಕಾಗದದಲ್ಲೇ ಬರೆಸಿಕೊಂಡರು.

ಹೊರಡುವಾಗ ಮೊದಲ ಕಂಪನಿಯವನು, "ಸರಿ ಮಾಡಿಸ್ಕೊಂಡು ಮತ್ತೆ ಬರ್ತೀನಮ್ಮ" ಎಂದ.

"ಬಾರಪ್ಪ. ಆಗ್ಲೂ ಮೊದ್ಲು ಮಾತಾಡೋಳು ನಾನೇ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೂ ಇಂಥ ಫೋನಿನವರು ಬಂದಾರು. ಬೇಡ ಎನ್ನಬೇಕಾಗಿಲ್ಲ, ಕಣ್ಣು ಮುಚ್ಚಿ ಒಪ್ಪಲೂಬೇಡಿ. ನೀವು ಮನೆಯಲ್ಲಿ ಆಡುವ ಮಾತಿನಲ್ಲೇ ಪರೀಕ್ಷೆ ಮಾಡಿ. ಮಿಷನ್ನಿಗೆ ತಿಳಿಯದಿದ್ದಾಗ ಮನುಷ್ಯರು ಸಿಗುತ್ತಾರೆಯೇ, ಕೇಳಿ. ಓಟಿಪಿ, ಪಿನ್ ಬಾಯಿಬಿಡಬೇಡಿ. ಜೀವದ ಪ್ರಶ್ನೆ ಬಂದಾಗ ನೇರವಾಗಿ ಡಾಕ್ಟರಿಗೇ ಫೋನ್ ಮಾಡಿ. ನಿಮ್ಮ ಮಾತು ತಿಳಿಯದಿದ್ದರೆ ನಾಚಿಕೆ ಪಡಬೇಕಾದವರು ನೀವಲ್ಲ.