ಬಿಚ್ಚಿದ ಅಂಗೈ

ಹೊಸಬರ ಟೇಬಲ್ ಟೆನಿಸ್ ತರಗತಿಯಲ್ಲಿ ಎಲ್ಲರಿಗಿಂತ ಹಿರಿಯನೆಂದರೆ ನಮ್ಮ ಕ್ಷೌರಿಕ. ಐವತ್ತೆಂಟಕ್ಕೆ ಇದೇನು ಹುಚ್ಚು ಎಂದು ಹೆಂಡತಿ ನಕ್ಕಿದ್ದಳು. ಪಾಪ, ಅವಳಿಗೇನು ಗೊತ್ತು? ಅವನು ಬಂದದ್ದು ಆಟಕ್ಕಲ್ಲ, ಬಲಗೈಗಾಗಿ. ಆರು ತಿಂಗಳಿಂದ ಅದು ಸಣ್ಣಗೆ ನಡುಗುತ್ತಿತ್ತು. ಕತ್ತಿ ಹಿಡಿಯುವ ಕೈಯೇ ನಡುಗಿದರೆ ಕತ್ತು ಕೊಡುವವರು ಯಾರು? ಮೂರು ಗ್ರಾಮೂ ತೂಗದ ಚೆಂಡು ಅಂಗೈಯಲ್ಲಿ ಅಲುಗದೆ ನಿಂತರೆ ಕತ್ತಿಯೂ ನಿಂತೀತು ಎಂಬುದು ಅವನೇ ಕಂಡುಕೊಂಡ ಔಷಧ. ಅದಕ್ಕೇ, ಸರ್ವ್ ಮಾಡುವಾಗ ಚೆಂಡು ಬಲ ಅಂಗೈಗೇ ಬರಲೆಂದು ಬ್ಯಾಟನ್ನು ಎಡಗೈಗೆ ಕೊಟ್ಟು, "ನಾನು ಎಡಚ" ಎಂದುಬಿಟ್ಟಿದ್ದ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ಹೇಳಿದ್ದು ಯಾರಿಗೆ? ಹನ್ನೆರಡು ವರ್ಷದಿಂದ ಪ್ರತಿ ಶನಿವಾರ ಅವನ ಕುರ್ಚಿಯಲ್ಲೇ ಗಡ್ಡ ತೆಗೆಸಿಕೊಳ್ಳುವ ಕೋಚ್‌ಗೆ! ಗಿರಾಕಿಗಳು ಕಣ್ಣು ಮುಚ್ಚಿ ಕೂತಿರುತ್ತಾರೆ, ಯಾವ ಕೈ ಎಂದು ಯಾರು ನೋಡುತ್ತಾರೆ ಎಂದುಕೊಂಡಿದ್ದ ಮಹಾನುಭಾವ.

"ಅಣ್ಣ, ಅಂಗೈ ಪೂರ್ತಿ ಬಿಚ್ಚಿ. ಬೆರಳು ಮಡಚಿದ್ರೆ ಸರ್ವ್ ತಪ್ಪು. ಚೆಂಡು ಗೇಣುದ್ದ ನೆಟ್ಟಗೆ ಮೇಲೇಳ್ಬೇಕು, ಇಳಿಯೋವಾಗ ಹೊಡೀರಿ."

ಬಿಚ್ಚಿದರೆ ಚೆಂಡು ಉರುಳುತ್ತಿತ್ತು. ಹಾಗಾಗಿ ಬೆರಳು ಮಡಚಿ, ಚೆಂಡನ್ನು ಬಟ್ಟಲಿನಲ್ಲಿಟ್ಟಂತೆ ಹಿಡಿದು ಎಸೆಯುತ್ತಿದ್ದ. ಮೂರು ವಾರವೂ ಅದೇ ತಪ್ಪು.

"ಈ ಟೇಬಲ್ಲೇ ಒಂದ್ಕಡೆ ವಾಲಿದೆ ಕಣಪ್ಪಾ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!" ಕೋಚ್ ನಗುತ್ತಲೇ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ತಾನೇ ಬಿಡಿಸಿದ. ಮೂರನೆಯ ಬೆರಳಿಗೆ ಅವನ ನಗು ನಿಂತಿತು. ಚೆಂಡು ಅಂಗೈಯಲ್ಲಿ ಅತ್ತ ಇತ್ತ ತುಯ್ದಾಡಿ ನೆಲಕ್ಕೆ ಬಿತ್ತು.

"ನೀವು ಎಡಚ ಅಲ್ಲ, ಅಲ್ವಾ ಅಣ್ಣ?"

"ಚಳಿ ಕಣಪ್ಪಾ," ಎಂದ ಕ್ಷೌರಿಕ. ಸುತ್ತ ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದರು.

ಶನಿವಾರ ಬೆಳಿಗ್ಗೆ ಅವನು ನೀರು ಕಾಯಿಸಿ, ಕತ್ತಿ ಮಸೆದು, ಬಾಗಿಲನ್ನೇ ನೋಡುತ್ತ ಕೂತ. ಕೋಚ್ ಬಂದ. ಒಳಗೆ ಮಾತ್ರ ಬರಲಿಲ್ಲ. ಹೊಸ್ತಿಲಾಚೆ ನಿಂತು ಕೆನ್ನೆ ಸವರಿಕೊಂಡ.

"ಗಡ್ಡ ಬಿಡೋಣ ಅಂತಿದೀನಿ ಅಣ್ಣ. ಹೇಗೆ ಕಾಣುತ್ತೆ?"

ಕ್ಷೌರಿಕ ಬಲಗೈಯನ್ನು ಟವಲಿನೊಳಗೆ ಸುತ್ತಿಕೊಂಡ. ನಿನ್ನ ಮುಖಕ್ಕೆ ಗಡ್ಡ ಒಪ್ಪೋದೇ ಇಲ್ಲ ಎಂದು ಹನ್ನೆರಡು ವರ್ಷ ಹೇಳುತ್ತ ಬಂದವನು ಅವನೇ.

"ಚೆನ್ನಾಗಿ ಒಪ್ಪುತ್ತಪ್ಪಾ," ಎಂದ. "ಬಿಡು."