ಗೊರಕೆ ಸಂತ್ರಸ್ತರ ಬಳಗ

ಟೈಲರಮ್ಮನ ಗಂಡನಿಗೆ ಲೈಬ್ರರಿಯಲ್ಲಿ ಕೆಲಸ. ಬೆಳಗಿನಿಂದ ಸಂಜೆವರೆಗೆ "ಶ್ಶ್, ಸದ್ದು!" ಎಂದು ಊರವರ ಬಾಯಿ ಮುಚ್ಚಿಸುವುದೇ ಅವನ ದಿನಚರಿ. ಮನೆಗೆ ಬಂದು ದಿಂಬಿಗೆ ತಲೆ ಕೊಟ್ಟನೋ, ಕಿಟಕಿಯ ಗಾಜೆಲ್ಲ ಗಡಗಡ.

ಒಂದು ದಿನ ಅಂಗಿಯ ಅಳತೆ ಕೊಡಲು ಬಂದ ನಾದಿನಿ ನಿಂತಲ್ಲೇ ತೂಕಡಿಸಿದಳು. "ನಮ್ಮನೆಯವರ ಗೊರಕೆ ಅತ್ತಿಗೆ, ಮೂರು ದಿನದಿಂದ ಕಣ್ಣು ಮುಚ್ಚಿಲ್ಲ."

ಪ್ಯಾಂಟ್ ಒಯ್ಯಲು ಬಂದಿದ್ದ ಪೋಸ್ಟ್‌ಮ್ಯಾನ್ ಕಣ್ಣರಳಿಸಿದ. "ನಮ್ಮಲ್ಲಿ ಹೆಂಡ್ತೀದು, ಅಕ್ಕಾ!"

ಇಂಥವರು ಇನ್ನೆಷ್ಟು ಮಂದಿ ಇದ್ದಾರೋ, ಫೋನಿನಲ್ಲೇ ಒಂದು ಬಳಗ ಕಟ್ಟೋಣ ಎಂದಳು ಟೈಲರಮ್ಮ. ಸರಿ, ಯಾವ ಆ್ಯಪ್‌ನಲ್ಲಿ?

ಎಲ್ಲರ ಹತ್ತಿರವೂ ಇದ್ದ ಆ್ಯಪ್‌ನಲ್ಲಿ ಮೊದಲು ಶುರುಮಾಡಿದರು. ಅಲ್ಲಿ ಹೆಸರು, ನಂಬರು, ಮುಖ ಎಲ್ಲ ಬಟಾಬಯಲು. ಪೋಸ್ಟ್‌ಮ್ಯಾನ್ ಅರ್ಧ ಗಂಟೆಯಲ್ಲೇ ಓಡಿಹೋದ. "ನಮ್ಮವಳು ನೋಡಿದ್ರೆ ನನ್ನ ಗತಿ?"

ಎರಡನೆಯದರಲ್ಲಿ ಗುಟ್ಟು ಭದ್ರ. ಬರೆದದ್ದು ಒಂದೇ ಗಂಟೆಯಲ್ಲಿ ತಾನೇ ಅಳಿಸಿಹೋಗುತ್ತಿತ್ತು. ಬನಿಯನ್ನಿನ ಬೆನ್ನಿಗೆ ಚೆಂಡು ಹೊಲಿದರೆ ಅಂಗಾತ ಮಲಗಲಾಗದೆ ಗೊರಕೆ ನಿಲ್ಲುತ್ತದೆ ಎಂದು ನಾದಿನಿ ಎರಡು ಸಂದೇಶಗಳಲ್ಲಿ ವಿವರಿಸಿದಳು. ಪೋಸ್ಟ್‌ಮ್ಯಾನ್ ಕಾಗದ ಹಂಚಿ ಮುಗಿಸಿ ನೋಡುವಷ್ಟರಲ್ಲಿ ಮೊದಲನೆಯದು ಮಾಯ. 'ಚೆಂಡು ಗಟ್ಟಿ ಇರಲಿ' ಎಂಬುದಷ್ಟೇ ಉಳಿದಿತ್ತು. ಅವನು ಗಟ್ಟಿ ಚೆಂಡೊಂದನ್ನು ಹೆಂಡತಿಯ ದಿಂಬಿನೊಳಗೆ ಇಟ್ಟ. ಅವಳು ನಾಲ್ಕು ದಿನ ಕತ್ತು ಓರೆಮಾಡಿಕೊಂಡೇ ಓಡಾಡಿದಳು. ಗೊರಕೆ ಮಾತ್ರ ನೆಟ್ಟಗೇ ಇತ್ತು.

ಮೂರನೆಯದು ಟೈಲರಮ್ಮನಿಗೆ ಬಲು ಹಿಡಿಸಿತು. ಗುಂಡಿಗೊಂದು ಡಬ್ಬಿ, ದಾರಕ್ಕೊಂದು ಡಬ್ಬಿ ಇಟ್ಟಂತೆ ಅಲ್ಲಿ ಮದ್ದಿಗೊಂದು ಕೋಣೆ, ಗೋಳಿಗೊಂದು ಕೋಣೆ, ಗೊರಕೆ ಕೇಳಿಸಲು ಮತ್ತೊಂದು. ನಿಜ ಹೆಸರೂ ಬೇಕಿಲ್ಲ, ಕಟ್ಟಿಕೊಂಡದ್ದೇ ಸಾಕು. ಟೈಲರಮ್ಮ 'ಸೂಜಿ' ಆದಳು. ನಾದಿನಿ ಎರಡು ದಿನ ದಾರಿತಪ್ಪಿ ಮದ್ದಿನ ಕೋಣೆಯಲ್ಲೇ ಅತ್ತಳು. ಆಮೇಲೆ ಹೊಂದಿಕೊಂಡಳು.

ರಜೆಯ ದಿನ ಮಧ್ಯಾಹ್ನ ಗಂಡ ಹೊಡೆದ ಗೊರಕೆಯನ್ನು ಸೂಜಿ ಅಲ್ಲಿಗೆ ಹಾಕಿದ್ದೂ ಆಯಿತು. ಎಡವಟ್ಟಾದದ್ದು ಆಮೇಲೆ. ಗೊರಕೆಯ ಕಾಟ ತಮಗೂ ಇದೆ ಎಂದಿದ್ದ ಹಲ್ಲಿನ ಡಾಕ್ಟರಿಗೆ ಕಳಿಸಬೇಕಿದ್ದ ಬಳಗದ ಲಿಂಕನ್ನು ಕೈತಪ್ಪಿ ಮನೆಮಂದಿಗೆಲ್ಲ ಕಳಿಸಿಬಿಟ್ಟಳು. ಹತ್ತು ನಿಮಿಷಕ್ಕೆ 'ಪುಸ್ತಕದಹುಳ' ಎಂಬುವರು ಒಳಗೆ ಬಂದರು. ಟೈಲರಮ್ಮ ಹೊಲಿಗೆ ನಿಲ್ಲಿಸಿ ಫೋನು ಎತ್ತಿಕೊಂಡಳು.

ಹುಳ ನೇರ ಗೊರಕೆಯ ಕೋಣೆಗೇ ಹೋಗಿ ಬರೆಯಿತು: "ಅಬ್ಬಬ್ಬಾ, ಯಾರ್ರೀ ಈ ಮನುಷ್ಯ? ಪಾಪ, ಆ ಹೆಂಡತಿ ಹೇಗೆ ಬಾಳ್ತಿದಾಳೋ! ನಮ್ಮ ಲೈಬ್ರರಿಯಾಗಿದ್ರೆ ಕತ್ತು ಹಿಡಿದು ಆಚೆ ತಳ್ತಿದ್ದೆ. ನನ್ನ ಗೋಳೂ ಕೇಳಿ, ಇದು ನಮ್ಮನೆಯವಳದು."

ಕೆಳಗೊಂದು ಧ್ವನಿ. ಟೈಲರಮ್ಮ ಒತ್ತಿದಳು. ಎಣ್ಣೆ ಕಾಣದ ಹೊಲಿಗೆ ಮಿಷನ್ನು ಏರು ಹತ್ತಿದಂಥ ಸದ್ದು!

ಆಗಲೇ ನಾದಿನಿಯ ಫೋನು ಬಂತು, ನಕ್ಕು ನಕ್ಕು ಉಸಿರೇ ಇಲ್ಲ. "ಅತ್ತಿಗೇ, ಎರಡೂ ಗೊರಕೆ ಹಿಂದೆ ಒಂದೇ ಫ್ಯಾನು ಕಿರುಗುಟ್ತಿದೆಯಲ್ಲ!"

"ಬಾಯಿ ಬಿಟ್ಟೆಯೋ, ನಿನ್ನ ಅಂಗಿಯ ತೋಳು ಹೊಲಿಯಲ್ಲ," ಎಂದು ಟೈಲರಮ್ಮ ಫೋನಿಟ್ಟಳು. ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಎರಡನ್ನೂ ಕೇಳಿ, ಹೆಂಗಸಿನದೇ ಜೋರು ಎಂದು ತೀರ್ಪು ಕೊಟ್ಟಾಗಿತ್ತು.

ಸಂಜೆ ಗಂಡ ಹುಮ್ಮಸ್ಸಿನಿಂದ ಬಂದ. "ಲೇ, ಒಂದು ಒಳ್ಳೇ ಬಳಗ ಸಿಕ್ಕಿದೆ ಕಣೇ. ನೀನೂ ಸೇರ್ಕೋ. ಸೇರೋದು ಹೇಗೇಂತ ನಾನು ಹೇಳಿಕೊಡ್ತೀನಿ."

"ಆಯ್ತು ರೀ," ಎಂದು ಟೈಲರಮ್ಮ ಸಾಧುವಾಗಿ ಫೋನು ಹಿಡಿದು ಅವನ ಪಕ್ಕ ಕೂತಳು. "ಮೊದಲು ಎಲ್ಲಿ ಒತ್ಬೇಕು?"